"ಅದ್ಸರಿ, ನೀವು ಗೆಲ್ಲೋದು ಯಾವಾಗ?"

ನನ್ನದೊಂದು ಹಾಡು ಬಿಡುಗಡೆಯಾದ ವಾರ ಈ ಪ್ರಶ್ನೆ ತಪ್ಪುವುದಿಲ್ಲ. ಪರಿಚಯದವರು ಸಿಕ್ಕಾಗ ಮೊದಲು "ಹಾಡು ಕೇಳಿದೆ, ಚೆನ್ನಾಗಿದೆ" ಅನ್ನುತ್ತಾರೆ. ಒಂದು ಕ್ಷಣ ಬಿಟ್ಟು, ದನಿ ತಗ್ಗಿಸಿ, "ಅದ್ಸರಿ, ನೀವು ಗೆಲ್ಲೋದು ಯಾವಾಗ?" ಅನ್ನುತ್ತಾರೆ. ಈಗಷ್ಟೇ ಹಾಡು ಮಾಡಲು ಹೊರಟ ಹುಡುಗ ಹುಡುಗಿಯರು ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿಯುತ್ತಾರೆ: "ಹಾಡು ಹೊರತರುವ ಲೇಬಲ್ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ, ನಿಮ್ಮ ಬೆನ್ನಿಗೆ ಯಾರಿದ್ದಾರೆ?"

ಇವೆರಡೂ ಒಂದೇ ಪ್ರಶ್ನೆ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಅದನ್ನು ನಿಂತಲ್ಲೇ ಎರಡು ಮಾತಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಮೊದಲು ನಾನು ಅಂಕಿ ಹೇಳುತ್ತಿದ್ದೆ. ಆನ್‌ಲೈನ್‌ನಲ್ಲಿ ಇಷ್ಟು ಸಲ ಕೇಳಿದ್ದಾರೆ, ಅಂದರೆ ಇಷ್ಟು ಸ್ಟ್ರೀಮ್, ಇಷ್ಟು ಫಾಲೋವರ್ಸ್. ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ಆ ಲೆಕ್ಕದ ಪುಟ ತೆರೆದು ನೋಡುವ ಚಟ ಹತ್ತಿತ್ತು. ಅಂಕಿ ಏರಿದ ದಿನ ಹಾರ್ಮೋನಿಯಂ ಮುಂದೆ ಕೂರಲು ಹುರುಪು. ಇಳಿದ ದಿನ ಅದರ ಮುಚ್ಚಳ ಕೂಡ ತೆಗೆಯುತ್ತಿರಲಿಲ್ಲ. ಹೀಗೆ ಒಂದು ವರ್ಷ ಕಳೆದಿದ್ದೇನೆ. ಆ ವರ್ಷ ನಾನು ಪೂರ್ತಿ ಮಾಡಿದ ಹಾಡು ಒಂದೇ ಒಂದು.

ಆ ಅಂಕಿ ಏನನ್ನು ಅಳೆಯುತ್ತದೆ ಎಂದು ಕೂತು ಓದಿದ ಮೇಲೆ ಚಟ ಸಡಿಲವಾಯಿತು. ದೊಡ್ಡ ಸ್ಟ್ರೀಮಿಂಗ್ ವೇದಿಕೆಗಳಲ್ಲಿ ಚಂದಾ ಹಣ, ಜಾಹೀರಾತಿನ ಹಣ ಎಲ್ಲವೂ ಬಹುಮಟ್ಟಿಗೆ ಒಂದೇ ಹುಂಡಿಗೆ ಬೀಳುತ್ತದೆ. ವೇದಿಕೆ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿದದ್ದನ್ನು, ಒಟ್ಟು ಸ್ಟ್ರೀಮ್‌ಗಳಲ್ಲಿ ಯಾರ ಭಾಗ ಎಷ್ಟೋ ಆ ಲೆಕ್ಕದಲ್ಲಿ ಹಂಚುತ್ತಾರೆ. ಒಬ್ಬ ಕೇಳುಗ ಇಡೀ ತಿಂಗಳು ನನ್ನ ಹಾಡನ್ನಷ್ಟೇ ಕೇಳಿದ ಅಂದುಕೊಳ್ಳಿ. ಅವನ ಚಂದಾ ನನಗೆ ಬರುವುದಿಲ್ಲ, ಹುಂಡಿಗೆ ಹೋಗುತ್ತದೆ. ಕೇಳುಗನ ಹಣ ಅವನು ಕೇಳಿದವರಿಗೇ ಸೇರಲಿ ಎಂದು ಸೌಂಡ್‌ಕ್ಲೌಡ್ ಎಂಬ ವೇದಿಕೆ 2021ರಲ್ಲಿ ಬೇರೆ ಪದ್ಧತಿ ತಂದಿತು. ಅದು ನನಗೆ ಹೆಚ್ಚು ನ್ಯಾಯ ಅನಿಸುತ್ತದೆ, ಆದರೆ ಹುಂಡಿ ಪದ್ಧತಿಯೇ ಇಂದಿಗೂ ಹೆಚ್ಚು ನಡೆಯುವುದು. ಇದರ ಮೇಲೆ 2024ರಿಂದ ಸ್ಪಾಟಿಫೈ ಇನ್ನೊಂದು ಗೆರೆ ಎಳೆದಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿನ ಧ್ವನಿಮುದ್ರಣಕ್ಕೆ ರಾಯಲ್ಟಿ, ಅಂದರೆ ಹಕ್ಕಿನ ಹಣ, ಇಲ್ಲ.

ನನ್ನ ಒಂದು ಹಾಡು ಆ ಗೆರೆ ದಾಟಿಲ್ಲ. ಲೆಕ್ಕದ ಪುಟದಲ್ಲಿ ಅದರ ಎದುರು ಸೊನ್ನೆ ಇದೆ. ಆ ಹಾಡಿನ ಬಗ್ಗೆ ಒಬ್ಬ ಕೇಳುಗರಿಂದ ಮೇಲ್ ಬಂತು. ಸಾಹಿತ್ಯ ಎಲ್ಲೂ ಸಿಗಲಿಲ್ಲವಂತೆ. ಹಾಗಾಗಿ ತಾವೇ ಕಿವಿಗೊಟ್ಟು ಕೇಳಿ, ಪಲ್ಲವಿಯಿಂದ ಕೊನೆಯ ಚರಣದವರೆಗೆ ಟೈಪ್ ಮಾಡಿಕೊಂಡಿದ್ದರು. ಎರಡನೇ ಚರಣದ ಮೂರನೇ ಸಾಲಿನಲ್ಲಿ ಒಂದು ಪದದ ಜಾಗ ಖಾಲಿ ಬಿಟ್ಟು, ಅಲ್ಲಿ ಒಂದು ಗೆರೆ ಎಳೆದಿದ್ದರು. "ಎಷ್ಟು ಸಲ ಹಿಂದೆ ಹಾಕಿ ಕೇಳಿದರೂ ಇದೊಂದು ಗೊತ್ತಾಗಲಿಲ್ಲ. ಏನಿದು?" ಎಂದು ಕೆಳಗೆ ಬರೆದಿದ್ದರು.

ಅದು "ಒರತೆ" ಎಂಬ ಪದ. ಅದೇ ಹೊತ್ತಿಗೆ ಗಿಟಾರ್ ಏರುವುದರಿಂದ ಮೊದಲಕ್ಷರ ನುಂಗಿಹೋಗಿತ್ತು. ನನಗೆ ಸಾಹಿತ್ಯ ಬಾಯಿಪಾಠವಾದ್ದರಿಂದ ಅದು ಕೇಳಿಸುತ್ತಿಲ್ಲ ಎಂಬುದೇ ತಿಳಿದಿರಲಿಲ್ಲ. ಆ ಗೆರೆಯನ್ನು ನೋಡುತ್ತಾ ತುಂಬ ಹೊತ್ತು ಕೂತಿದ್ದೆ. ಯಾರೋ ಒಬ್ಬರು ನನ್ನ ಒಂದು ಪದಕ್ಕಾಗಿ ಅಷ್ಟು ಸಲ ಹಾಡನ್ನು ಹಿಂದಕ್ಕೆ ಎಳೆದಿದ್ದಾರೆ. ಅವರಿಗೆ ಪದ ತಿಳಿಸಿದೆ. ಮಾರನೇ ವಾರ ಆ ಸಾಲನ್ನು ಮತ್ತೆ ಹಾಡಿ, ಗಿಟಾರನ್ನು ಅಲ್ಲೊಂದು ಕಡೆ ಇಳಿಸಿ, ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ ಹೊಸ ಮಿಕ್ಸ್ ಏರಿಸಿದೆ.

ಗೆಲುವು ಅಂದರೆ ಏನು ಎಂದು ನಾನು ನನ್ನ ಮಟ್ಟಿಗೆ ಬರೆದುಕೊಂಡದ್ದು ಅದಾದ ಮೇಲೆ. ಒಂದು ಹಾಡು ಮುಗಿದಾಗ ಮುಂದಿನ ಹಾಡು ಮಾಡಲು ದುಡ್ಡು ಉಳಿದಿರಬೇಕು, ಆರೋಗ್ಯ ಉಳಿದಿರಬೇಕು, ಆಸೆ ಉಳಿದಿರಬೇಕು, ಜೊತೆಗೆ ಜನ ಉಳಿದಿರಬೇಕು. ನಾಲ್ಕೂ ಇದ್ದರೆ ಆ ಹಾಡು ಗೆದ್ದಿತು ಎಂದು ಲೆಕ್ಕ. ಲಕ್ಷಾಂತರ ಜನ ಕೇಳಿದರೂ ನನ್ನನ್ನು ಸಾಲದಲ್ಲಿ ಮುಳುಗಿಸಿ, ಗೆಳೆಯರನ್ನು ದೂರ ಮಾಡಿ ಹೋದ ಹಾಡನ್ನು ನಾನು ಗೆಲುವು ಎಂದು ಕರೆಯಲಾರೆ.

ಇದು ಸೋತವರ ಸಮಾಧಾನ ಎಂದು ಮುಖಕ್ಕೇ ಹೇಳಿದವರಿದ್ದಾರೆ. ಅವರಿಗೆ ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ವಿಷಯ ಹೇಳುತ್ತೇನೆ. 1976ರ ನವೆಂಬರ್‌ನಲ್ಲಿ ಅವರ ಒಪೆರಾಗೆ (ಹಾಡಿನಲ್ಲೇ ನಡೆಯುವ ನಾಟಕಕ್ಕೆ) ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಒಪೆರಾ ಹೌಸ್ ಎರಡು ಪ್ರದರ್ಶನಕ್ಕೂ ತುಂಬಿತ್ತು. ಆದರೂ ಕೈಯಲ್ಲಿ ಉಳಿದದ್ದು ಸಾಲ. ಗ್ಲಾಸ್ ಮತ್ತೆ ಟ್ಯಾಕ್ಸಿ ಓಡಿಸಲು ಹೋದರು. ಅದಕ್ಕೂ ಮೊದಲು ನಲ್ಲಿ ರಿಪೇರಿ ಕೆಲಸ ಮಾಡಿದವರು ಅವರು. ಸಂಗೀತದಿಂದಲೇ ಜೀವನ ಸಾಗುವ ಹೊತ್ತಿಗೆ ವಯಸ್ಸು 41 ಆಗಿತ್ತು. ಅಮೆರಿಕದ ಇನ್ನೊಬ್ಬ ಸಂಯೋಜಕ ಚಾರ್ಲ್ಸ್ ಐವ್ಸ್ ಅಂತೂ ದುಡಿಯುವ ವಯಸ್ಸನ್ನೆಲ್ಲ ವಿಮಾ ವ್ಯವಹಾರದಲ್ಲೇ ಕಳೆದರು, ಸಂಜೆ ಮತ್ತು ರಜೆಯ ದಿನ ಸಂಗೀತ ಬರೆದರು. ದಶಕಗಳ ಹಿಂದೆ ಬರೆದಿಟ್ಟ ಅವರ ಮೂರನೇ ಸಿಂಫನಿಗೆ (ವಾದ್ಯವೃಂದದ ದೀರ್ಘ ಕೃತಿಗೆ) ಪುಲಿಟ್ಜರ್ ಬಹುಮಾನ ಬಂದದ್ದು 1947ರಲ್ಲಿ. 1976ರ ಆ ರಾತ್ರಿ ಗ್ಲಾಸ್ ಗೆದ್ದಿದ್ದರೋ ಸೋತಿದ್ದರೋ? ಐವ್ಸ್ ಗೆದ್ದದ್ದು ಬಹುಮಾನ ಬಂದ ದಿನವೋ, ಸಿಂಫನಿ ಬರೆದು ಮುಗಿಸಿದ ದಿನವೋ? ನನಗೂ ಹಗಲು ಬೇರೆ ಕೆಲಸವಿದೆ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಂಡಿಲ್ಲ. ಎಂಥ ಹಾಡು ಮಾಡಬೇಕು ಎಂದು ಬೇರೆಯವರು ನನಗೆ ಹೇಳದಂತೆ ಕಾಯುತ್ತಿರುವುದು ಆ ಸಂಬಳವೇ.

ಹಾಗೆಂದು ದುಡ್ಡು ಮುಖ್ಯವಲ್ಲ ಅನ್ನುತ್ತಿಲ್ಲ. ಟಿಕೆಟ್ ಮಾರಿ ಕಾರ್ಯಕ್ರಮ ಮಾಡುವವರು "ಪ್ರಚಾರ ಸಿಗುತ್ತೆ, ಸಂಭಾವನೆ ಇಲ್ಲ" ಅಂದರೆ ನಾನು ಹೋಗುವುದಿಲ್ಲ. ನೀವೂ ಹೋಗಬೇಡಿ. ಗೆಳೆಯರ ಮನೆಯ ಹಜಾರದಲ್ಲಿ ಹದಿನೈದು ಜನರಿಗೆ ಪುಕ್ಕಟೆ ಹಾಡುವುದು ಬೇರೆ ಮಾತು.

ಇನ್ನು ಬೆನ್ನಿಗೆ ಯಾರಿದ್ದಾರೆ ಎಂಬುದು. ಗೆಲುವಿನ ಲೆಕ್ಕದಲ್ಲಿ ಜನ ಉಳಿದಿರಬೇಕು ಎಂದೆನಲ್ಲ, ಈ ಪ್ರಶ್ನೆಯೂ ಅದೇ. ಬೆಂಬಲ ಅಂದಕೂಡಲೇ ಎಲ್ಲರೂ ಹಣ ಅಂದುಕೊಳ್ಳುತ್ತಾರೆ. ನನಗೆ ಸಿಕ್ಕ ಬಹು ದೊಡ್ಡ ಬೆಂಬಲ ಒಂದು ಉಸಿರಿನದು.

ಒಂದು ಹಾಡಿನ ಮಿಕ್ಸಿಂಗ್ ಮುಗಿಸಿ ಗೆಳೆಯನಿಗೆ ಕಳಿಸಿದ್ದೆ. ಅವನು ತಬಲಾ ನುಡಿಸುವವನು. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೇಳುವ ಅಭ್ಯಾಸ ಅವನದು. ಅರ್ಧ ಗಂಟೆಯಲ್ಲಿ ಫೋನ್ ಬಂತು. "ಕೊನೇ ಪಲ್ಲವಿಗೆ ಮುಂಚೆ ನೀನು ಉಸಿರು ತಗೊಳ್ಳೋದನ್ನ ಕತ್ತರಿಸಿದ್ದೀಯಲ್ಲ, ಯಾಕೆ?" ಅಂದ. ಶುದ್ಧವಾಗಿ ಕೇಳಲಿ ಎಂದು ಎಲ್ಲ ಉಸಿರುಗಳನ್ನೂ ಒಂದೊಂದಾಗಿ ಅಳಿಸಿದ್ದೆ. "ಆ ಒಂದನ್ನ ವಾಪಸ್ ಹಾಕು. ಅಲ್ಲಿ ಸಾಲು ಎಲ್ಲಿಂದಲೋ ದಿಢೀರ್ ಅಂತ ಶುರುವಾಗುತ್ತೆ. ಹಾಡೋರು ಯಾರೂ ಇಲ್ಲ ಅನ್ಸುತ್ತೆ." ಹಳೆಯ ಟೇಕ್ ತೆರೆದು ಅರ್ಧ ಸೆಕೆಂಡಿನ ಆ ಉಸಿರನ್ನು ಹುಡುಕಿ ಜಾಗದಲ್ಲಿ ಕೂರಿಸಿದೆ. ಹಾಡಿಗೆ ಜೀವ ಬಂತು. ಚೆನ್ನಾಗಿದೆ ಅನ್ನುವವರು ನನಗೆ ನೂರಾರು ಜನ ಸಿಕ್ಕಿದ್ದಾರೆ. ಹೀಗೆ ಕೇಳಿ ಹೀಗೆ ಹೇಳುವವರು ಈಗ ಮೂರು ಜನ ಇದ್ದಾರೆ. ಅವರ ಹಾಡು ಬಂದಾಗ ನಾನೂ ಅಷ್ಟೇ ಕಿವಿಗೊಟ್ಟು ಕೇಳುತ್ತೇನೆ. ಇದು ಕೊಡು–ಕೊಳ್ಳುವ ಸಂಬಂಧ, ಒಂದೇ ಕಡೆಯಿಂದ ನಡೆಯುವುದಿಲ್ಲ.

ನಾವು ಇಂದು ಆತುಕೊಳ್ಳುವ ಎಷ್ಟೋ ವ್ಯವಸ್ಥೆಗಳನ್ನು ಕಟ್ಟಿದವರೂ ನಮ್ಮಂಥ ಸಂಗೀತಗಾರರೇ. ಡೆರೆಕ್ ಸಿವರ್ಸ್ ತನ್ನ ಸಿಡಿ ಮಾರಲು ಒಂದು ವೆಬ್ ಪುಟ ಮಾಡಿಕೊಂಡ. ಗೆಳೆಯರು ನಮ್ಮದನ್ನೂ ಮಾರಿಕೊಡು ಅಂದರು. ಅದೇ 1998ರಲ್ಲಿ ಸಿಡಿ ಬೇಬಿ ಎಂಬ ಸಂಸ್ಥೆ ಆಯಿತು. ಅಭಿಮಾನಿಗಳು ಕಲಾವಿದರಿಗೆ ನೇರವಾಗಿ ಹಣ ಕೊಡುವ ಪೇಟ್ರಿಯಾನ್ ಎಂಬ ತಾಣವನ್ನು 2013ರಲ್ಲಿ ಸ್ಯಾಮ್ ಯಾಮ್ ಜೊತೆ ಶುರುಮಾಡಿದ ಜ್ಯಾಕ್ ಕಾಂಟೆ ಕೂಡ ಸಂಗೀತಗಾರ. ವಿಡಿಯೊಗೆ ಸುರಿದ ದುಡಿಮೆಗೂ ಅದರಿಂದ ಬಂದ ಜಾಹೀರಾತಿನ ಹಣಕ್ಕೂ ತಾಳೆಯೇ ಆಗದ್ದು ನೋಡಿ ಹೊರಟವನು. ಇನ್ನೂ ಹಿಂದೆ ಹೋದರೆ, 1847ರಲ್ಲಿ ಪ್ಯಾರಿಸ್‌ನ ಒಂದು ಕೆಫೆಯಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನಕಾರ ಕೂತಿದ್ದಾಗ ಅಲ್ಲಿ ಅವನದೇ ಹಾಡು ನಡೆಯುತ್ತಿತ್ತು. ಅದಕ್ಕೆ ಅವನಿಗೆ ಚಿಕ್ಕಾಸೂ ಇಲ್ಲ. ಹಾಗಾದರೆ ಕುಡಿದದ್ದಕ್ಕೆ ನಾನೂ ಕೊಡುವುದಿಲ್ಲ ಎಂದು ಕೂತುಬಿಟ್ಟ. ವಿಷಯ ಕೋರ್ಟಿಗೆ ಹೋಗಿ ಅವನ ಪರವೇ ಆಯಿತು. 1851ರಲ್ಲಿ, ಹಾಡು ಬಳಸಿದವರಿಂದ ಹಣ ವಸೂಲಿ ಮಾಡಿ ರಚಿಸಿದವರಿಗೆ ಹಂಚುವ ಸಾಸೆಮ್ ಎಂಬ ಹಕ್ಕುದಾರರ ಸಂಘ ಹುಟ್ಟಿತು, ಇಂದಿಗೂ ಇದೆ. ಬೆಂಬಲ ಹುಡುಕಿಕೊಂಡು ಹೋಗುವ ವಸ್ತು ಎಂದು ನಾನು ತಿಳಿದಿದ್ದೆ. ಇವರೆಲ್ಲ ಅದನ್ನು ಕೂಡಿ ಕಟ್ಟಿಕೊಂಡರು.

ಹಣದ ಬೆಂಬಲದ ಬಗ್ಗೆ ಅಮೆರಿಕದ ಲೇಖಕ ಕೆವಿನ್ ಕೆಲ್ಲಿ 2008ರಲ್ಲಿ ಬರೆದದ್ದನ್ನು ಎಲ್ಲರೂ ಹೇಳುತ್ತಾರೆ: ಸಾವಿರ ನಿಜವಾದ ಅಭಿಮಾನಿಗಳು ವರ್ಷಕ್ಕೆ ತಲಾ ನೂರು ಡಾಲರ್ ಕೊಟ್ಟರೆ ಕಲಾವಿದ ಬದುಕಬಹುದು. ಮಾತು ಒಳ್ಳೆಯದು, ಆದರೆ ಆ ಮೊತ್ತದಲ್ಲಿ ಸ್ಟುಡಿಯೊ, ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವುದು), ವಾದ್ಯಗಾರರ ಸಂಭಾವನೆ ಕಳೆಯಬೇಕು. ಸಾವಿರ ಎಂಬ ಸಂಖ್ಯೆ ಕೇಳಿಯೇ ಹೊಸಬರು ಕೈಚೆಲ್ಲುತ್ತಾರೆ. ನಾನು ನಲವತ್ತರಿಂದ ಶುರುಮಾಡಿದೆ. ನಲವತ್ತು ಜನರ ಹೆಸರು, ಅವರಿಗೆ ಇಷ್ಟವಾದ ಹಾಡು ಯಾವುದು, ಇಷ್ಟು ನನ್ನ ನೋಟ್‌ಬುಕ್‌ನಲ್ಲಿತ್ತು. ಅವರ ಇಮೇಲ್ ವಿಳಾಸ ನನ್ನ ಬಳಿ ಇದೆ, ಯಾವ ವೇದಿಕೆ ನಿಯಮ ಬದಲಿಸಿದರೂ ಅದು ನನ್ನಿಂದ ಹೋಗುವುದಿಲ್ಲ. ಹಾಡು ತಯಾರಾಗುವ ಮೊದಲೇ ಖರ್ಚಿನ ಪಟ್ಟಿ ಹಾಕಿ ಅವರಿಗೆ ಬರೆಯುತ್ತೇನೆ: ಕೊಳಲಿನವರಿಗೆ ಇಷ್ಟು, ಮಾಸ್ಟರಿಂಗ್‌ಗೆ ಇಷ್ಟು, ನನ್ನ ಬಳಿ ಇಷ್ಟಿದೆ, ಇಷ್ಟು ಬೇಕು.

ಕೇಳಲು ನಾಚಿಕೆ ಎಂದು ವರ್ಷಗಟ್ಟಲೆ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಅಮೆರಿಕದ ಗಾಯಕಿ ಅಮಾಂಡಾ ಪಾಮರ್ 2012ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ತಾಣದಲ್ಲಿ ಕೇಳಿದಾಗ ಸುಮಾರು 25,000 ಜನ ಸೇರಿ ಸುಮಾರು 12 ಲಕ್ಷ ಡಾಲರ್ ಕೊಟ್ಟರು. ಮೊತ್ತ ನೋಡಿ ಬೆರಗಾಗುವ ಬದಲು ಭಾಗಿಸಿ ನೋಡಿ, ತಲೆಗೆ ಐವತ್ತು ಡಾಲರ್ ಕೂಡ ಬರುವುದಿಲ್ಲ. ಅದರ ಹಿಂದೆ ಕೇಳುಗರ ಜೊತೆ ಅವರು ವರ್ಷಗಳ ಕಾಲ ಮಾತಾಡುತ್ತಾ ಬಂದದ್ದಿತ್ತು. "ನನಗೆ ಸಪೋರ್ಟ್ ಮಾಡಿ" ಎಂದು ಊರಿಗೆಲ್ಲ ಸಾರಿದರೆ ಯಾರೂ ತಿರುಗಿ ನೋಡುವುದಿಲ್ಲ. "ಶನಿವಾರ ಎರಡು ಗಂಟೆ ಬಂದು ಮೈಕ್ ಜೋಡಿಸಿಕೊಡ್ತೀಯಾ?" ಎಂದು ಒಬ್ಬರನ್ನು ಕೇಳಿದರೆ ಅವರು ಬರುತ್ತಾರೆ.

ಕಾಗದಪತ್ರದ ವಿಷಯ ಒಣ ವಿಷಯ ಅನಿಸಬಹುದು. ನಾನು ಅದನ್ನು ಕಲಿತದ್ದು ಒಂದು ಗೆಳೆತನದ ಬೆಲೆ ತೆತ್ತು. ನಾನೂ ಒಬ್ಬ ಗೆಳೆಯನೂ ಸೇರಿ ಮಾಡಿದ ಹಾಡು ಒಂದು ಜಾಹೀರಾತಿಗೆ ಆಯ್ಕೆಯಾಯಿತು. ಸಾಹಿತ್ಯ ಯಾರದು, ರಾಗ ಸಂಯೋಜನೆಯಲ್ಲಿ ಯಾರ ಪಾಲೆಷ್ಟು ಎಂದು ನಾವು ಬರೆದಿಟ್ಟಿರಲಿಲ್ಲ. ನಮ್ಮ ನಡುವೆ ಕಾಗದ ಯಾಕೆ ಎಂದುಕೊಂಡಿದ್ದೆವು. ಹಣ ಬಂತು, ಇಬ್ಬರ ನೆನಪೂ ಬೇರೆ ಬೇರೆಯಾಗಿತ್ತು. ಈಗ ನಾವು ಮಾತಾಡುತ್ತಿಲ್ಲ. ಆ ಹಾಡನ್ನು ನಾನು ವೇದಿಕೆಯಲ್ಲಿ ಹಾಡುವುದೂ ಇಲ್ಲ. ಅವನಿಗೂ ಹಾಗೇ ಇರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈಗ ರೆಕಾರ್ಡಿಂಗ್ ಮುಗಿದ ದಿನವೇ, ವಾದ್ಯ ಪೆಟ್ಟಿಗೆಗೆ ಹೋಗುವ ಮುಂಚೆ, ಒಂದು ಹಾಳೆಯಲ್ಲಿ ಪಾಲು ಬರೆದು ಎಲ್ಲರೂ ಸಹಿ ಹಾಕುತ್ತೇವೆ. ಒಂದೇ ಹಾಡಿನಲ್ಲಿ ಎರಡು ಹಕ್ಕುಗಳಿವೆ ಎಂಬುದನ್ನು ಹೊಸಬರಿಗೆ ಬಿಡಿಸಿ ಹೇಳುತ್ತೇನೆ: ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಹಾಡನ್ನು ಸ್ಟ್ರೀಮಿಂಗ್ ವೇದಿಕೆಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಮೂಲಕ ಬರುವುದು ಧ್ವನಿಮುದ್ರಣದ ಹಣ. ಸಂಯೋಜನೆಯ ಹಣಕ್ಕೆ ಹಕ್ಕುದಾರರ ಸಂಘದಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಅದು ನಿಮ್ಮನ್ನು ಹುಡುಕಿಕೊಂಡು ಬರುವುದು ಕಷ್ಟ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ–ಅಂಕಿಗಳ ಗುರುತು ಇರುತ್ತದೆ. ಅದು ಈ ಕಾಲದ ಅಂಕಿತ ಎಂದುಕೊಳ್ಳಿ. ಹಾಡು ಎಲ್ಲಿ ಹೋದರೂ ಯಾರದೆಂದು ಪತ್ತೆ ಹಚ್ಚಲು ಅದು ಬೇಕು.

ಸಂಗೀತಗಾರರಿಗೆ ಕಾಯಿಲೆ ಬಂದರೆ, ಮನಸ್ಸು ಕುಗ್ಗಿದರೆ ಏನು ಗತಿ ಎಂದು ಯೋಚಿಸಿದವರೂ ಇದ್ದಾರೆ. ಬ್ರಿಟನ್‌ನ ಹೆಲ್ಪ್ ಮ್ಯುಸಿಶಿಯನ್ಸ್ 1921ರಿಂದ, ಅಮೆರಿಕದ ಮ್ಯೂಸಿಕೇರ್ಸ್ 1989ರಿಂದ ಆ ಕೆಲಸ ಮಾಡುತ್ತಿವೆ. ನೀವಿರುವ ಕಡೆ ಅಂಥದ್ದು ಇದೆಯೇ ಎಂದು ಚೆನ್ನಾಗಿರುವಾಗಲೇ ವಿಚಾರಿಸಿಡಿ. ಕಷ್ಟ ಬಂದಾಗ ಹುಡುಕುವ ತ್ರಾಣ ಇರುವುದಿಲ್ಲ.

ಕಳೆದ ವಾರ ಒಬ್ಬ ಹುಡುಗಿ ಇದೇ ಪ್ರಶ್ನೆ ಕೇಳಿದಳು. "ಸರ್, ನನಗೆ ಯಾರೂ ಇಲ್ಲ, ಎಲ್ಲಿಂದ ಶುರು ಮಾಡಲಿ?" ಹಾಡು ಕೇಳಿ ಮುಖ ನೋಡದೆ ನಿಜ ಹೇಳುವ ಒಬ್ಬರ ಹೆಸರು ಹೇಳು ಅಂದೆ. ತುಂಬ ಹೊತ್ತು ಯೋಚಿಸಿ, ಅಕ್ಕ ಹೇಳ್ತಾಳೆ ಅಂದಳು. ಹಾಗಾದರೆ ಅಕ್ಕನಿಗೊಂದು ಕಳಿಸು, ನನಗೊಂದು ಕಳಿಸು ಅಂದೆ.

ನಿನ್ನೆ ರಾತ್ರಿ ಫೈಲ್ ಬಂದಿದೆ. ಎರಡು ಸಲ ಕೇಳಿದೆ. ದನಿ ತುಂಬ ಚೆನ್ನಾಗಿದೆ, ಆದರೆ ಎರಡನೇ ಚರಣದಲ್ಲಿ ತಾಳ ಧ್ವನಿಯ ಮೇಲೆ ಹತ್ತಿ ಕೂತಿದೆ, ಒಂದು ಪದ ನನಗೆ ಸಿಗಲೇ ಇಲ್ಲ. ಸಾಹಿತ್ಯವನ್ನು ಕೇಳಿಸಿದ ಹಾಗೆ ಬರೆದು, ಆ ಜಾಗದಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಇವತ್ತು ಸಂಜೆ ಕೆಲಸ ಮುಗಿಸಿ ಅವಳಿಗೆ ಫೋನ್ ಮಾಡಬೇಕು.