ಟ್ರ್ಯಾಕ್ ಕಾರಿನ ಅಲೈನ್‌ಮೆಂಟ್‌ಗೆ 14,000 ರೂಪಾಯಿ ಏಕೆ?

ಮಂಗಳೂರಿನ ಸಾಮಾನ್ಯ ಟೈರ್ ಅಂಗಡಿಯಲ್ಲಿ ಸಣ್ಣ ಕಾರಿನ ವೀಲ್ ಅಲೈನ್‌ಮೆಂಟ್, ಎಂದರೆ ಚಕ್ರಗಳ ಕೋನಗಳನ್ನು ಹೊಂದಿಸುವ ಕೆಲಸ, 400ರಿಂದ 800 ರೂಪಾಯಿಯೊಳಗೆ, ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೂ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೂ ಒಯ್ಯುವ ನನ್ನ ಹಳೆಯ ಪೋಲೋ ಕಾರಿಗೆ ಈ ಕೆಲಸವನ್ನು ವೃತ್ತಿಪರರಿಂದ ಮಾಡಿಸಿದಾಗ ನನ್ನ ಪಾಲಿಗೆ ಬಂದದ್ದು 14,000 ರೂಪಾಯಿ. ಎರಡೂ ಕಡೆ ತಿರುಗಿಸುವುದು ಹೆಚ್ಚುಕಡಿಮೆ ಅವೇ ನಟ್ಟುಗಳನ್ನು; ಹಾಗಿರುವಾಗ ಇಷ್ಟು ಹಣ ಯಾತಕ್ಕೆ ಎಂದು ಮನೆಯವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಈ ಬಿಲ್ಲಿನ ದೊಡ್ಡ ಪಾಲು ಹೋಗುವುದು ಅಳತೆಗೆ, ಒಂದನ್ನು ಸರಿಪಡಿಸಿದಾಗ ಕೆಟ್ಟುಹೋಗುವ ಇನ್ನೊಂದನ್ನು ಪುನಃ ಅಳೆಯುವುದಕ್ಕೆ. ಆ ಅಳತೆಯಿಂದ ಎಲ್ಲ ಕಾರುಗಳಿಗೂ ಪ್ರಯೋಜನವಾಗುವುದಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ಟೈರ್ ಅಂಗಡಿಯ ಕಂಪ್ಯೂಟರ್ ಪರದೆಯ ಮೇಲೆ ಅಂಕಿಗಳು ಹಸಿರಾದರೆ ಕೆಲಸ ಮುಗಿಯಿತೆಂದು ಅರ್ಥ. ಕಾರು ತಯಾರಿಸಿದ ಕಂಪನಿ ಪ್ರತಿಯೊಂದು ಕೋನಕ್ಕೂ ಒಂದು ಮೇಲ್ಮಿತಿ, ಒಂದು ಕೆಳಮಿತಿ ಕೊಟ್ಟಿರುತ್ತದೆ; ಅವುಗಳ ನಡುವೆ ಎಲ್ಲಿ ನಿಂತರೂ ಹಸಿರೇ. ಎಡಚಕ್ರ ಒಂದು ಅಂಚಿನಲ್ಲಿ, ಬಲಚಕ್ರ ಇನ್ನೊಂದು ಅಂಚಿನಲ್ಲಿ ಇದ್ದರೂ ಎಷ್ಟೋ ಸಲ ಯಂತ್ರಕ್ಕೆ ಅದು ದೋಷವೆನಿಸುವುದಿಲ್ಲ. ಕ್ಯಾಂಬರ್ ಎಂದರೆ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಪ್ರಮಾಣ. 16 ಇಂಚಿನ ರಿಮ್ಮಿನಲ್ಲಿ ಒಂದು ಡಿಗ್ರಿ ಕ್ಯಾಂಬರ್ ಎಂದರೆ ಮೇಲಂಚಿಗೂ ಕೆಳಅಂಚಿಗೂ ನಡುವೆ ಸುಮಾರು 7 ಮಿಲಿಮೀಟರ್ ವ್ಯತ್ಯಾಸ. ದಿನನಿತ್ಯ ಕಚೇರಿಗೆ ಹೋಗಿಬರುವ ಕಾರಿಗೆ ಇದರಲ್ಲಿ ಅರ್ಧದಷ್ಟು ಏರುಪೇರಾದರೂ ಬಾಧಕವಿಲ್ಲ. ಟ್ರ್ಯಾಕಿಗೆ ಬೇಕಾದ ಅಂಕಿಗಳನ್ನು ನಾನು ಚೀಟಿಯಲ್ಲಿ ಬರೆದು ಕೊಟ್ಟಾಗ ಅಂಗಡಿಯ ಹುಡುಗ ಪರದೆಯನ್ನೂ ನನ್ನನ್ನೂ ಒಮ್ಮೆ ನೋಡಿ, “ಎಲ್ಲ ಹಸಿರು ಬಂದಿದೆಯಲ್ಲ ಸರ್, ಇನ್ನೆಂತ ಬೇಕು ನಿಮಗೆ?” ಎಂದು ಕೇಳಿದ್ದ. ಅವನ ದೃಷ್ಟಿಯಿಂದ ಅದು ಸರಿಯಾದ ಪ್ರಶ್ನೆಯೇ, ಏಕೆಂದರೆ ನನಗೆ ಬೇಕಾದ ಅಂಕಿಗಳೆಲ್ಲ ಅವನ ಪರದೆಯಲ್ಲಿ ಕೆಂಪಾಗಿ ಕಾಣುತ್ತವೆ.

ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ ಕೂಡಿರುವ ಸಸ್ಪೆನ್ಷನ್) ಇರುವ ಸಣ್ಣ ಕಾರು ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಬಾಡಿ ಹೊರಕ್ಕೆ ವಾಲುತ್ತದೆ, ಅದರ ಜೊತೆಗೆ ಹೊರಬದಿಯ ಚಕ್ರವೂ ವಾಲಿ ಟೈರಿನ ಹೊರಅಂಚಿನ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಇದಕ್ಕೆ ಪರಿಹಾರವಾಗಿ ಚಕ್ರವನ್ನು ಮೊದಲೇ ಎರಡೂವರೆಯಿಂದ ಮೂರು ಡಿಗ್ರಿಯಷ್ಟು ಒಳಕ್ಕೆ ವಾಲಿಸಿ ಇಡುತ್ತಾರೆ. ಹೀಗೆ ಮಾಡದ ಕಾರಿನ ಮುಂದಿನ ಟೈರುಗಳನ್ನು ಟ್ರ್ಯಾಕಿನಿಂದ ಬಂದ ಸಂಜೆ ನೋಡಬೇಕು: ಹೊರಅಂಚು ಚೂರುಚೂರಾಗಿ ಎದ್ದುಬಂದು ರಬ್ಬರಿನ ಸಣ್ಣ ಉಂಡೆಗಳು ಅಂಟಿಕೊಂಡಿರುತ್ತವೆ, ಒಳಅಂಚಿನಲ್ಲಿ ಮಾತ್ರ ಹೊಸ ಟೈರಿನ ಕೂದಲುಗಳು ಇನ್ನೂ ಹಾಗೆಯೇ ಇರುತ್ತವೆ. ಅರ್ಧ ಲಕ್ಷ ಮುಟ್ಟುವ ಒಂದು ಸೆಟ್ ಟೈರು ಅರ್ಧವೂ ಸವೆಯದೆ ಮೂಲೆ ಸೇರುತ್ತದೆ.

ಕೆಲಸ ನಡೆದದ್ದು ಮಂಗಳೂರಿನ ಬೈಕಂಪಾಡಿಯ ಒಂದು ಶೆಡ್ಡಿನಲ್ಲಿ. ಬೆಂಗಳೂರಿನ ತಂತ್ರಜ್ಞರೊಬ್ಬರನ್ನು ನಾವು ನಾಲ್ವರು ಸೇರಿ ವಾರಾಂತ್ಯಕ್ಕೆ ಕರೆಸಿದ್ದೆವು. ಅವರು ಬಂದು ಮೊದಲ ಎರಡು ಗಂಟೆ ಕಾರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೇಸ್ತ್ರಿಗಳು ಬಳಸುವ ನೀರಿನ ಲೆವೆಲ್ ಪೈಪು ಹಿಡಿದು ನೆಲದ ಮೇಲೆ ನಾಲ್ಕು ಚಕ್ರಗಳು ನಿಲ್ಲುವ ಜಾಗವನ್ನು ಅಳೆಯುತ್ತಾ, ತಗ್ಗಾದಲ್ಲಿ ತೆಳುವಾದ ತಗಡಿನ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಾ ಹೋದರು. ನೆಲ ಒಂದು ಮೂಲೆಯಲ್ಲಿ ಕೆಲವೇ ಮಿಲಿಮೀಟರ್ ಇಳಿದಿದ್ದರೂ ಪ್ರತಿ ಚಕ್ರದ ಭಾರ ತೂಗಲು ಅದರ ಕೆಳಗೆ ಇಡುವ ತಕ್ಕಡಿಗಳು ಸುಳ್ಳು ಹೇಳುತ್ತವೆ. ನಂತರ ಟೈರಿನ ಗಾಳಿ, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು, ಚಾಲಕನ ಆಸನದಲ್ಲಿ ನನ್ನ ತೂಕಕ್ಕೆ ಸರಿಯಾಗಿ 25 ಕಿಲೋದ ಮೂರು ಕುಚ್ಚಲಕ್ಕಿ ಚೀಲ. ತಿರುವಿನಲ್ಲಿ ಬಾಡಿ ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು, ಆ್ಯಂಟಿ ರೋಲ್ ಬಾರ್, ಬಿಗಿದಿದ್ದರೆ ತೂಕವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುತ್ತದಾದ್ದರಿಂದ ಅದರ ಲಿಂಕನ್ನೂ ಕಳಚಿ ಇಟ್ಟರು.

ಇಷ್ಟಾದ ಮೇಲೆ ಕಾರ್ನರ್ ವೇಟ್, ಎಂದರೆ ಒಂದೊಂದು ಚಕ್ರವೂ ಹೊರುವ ತೂಕವನ್ನು ಹೊಂದಿಸುವುದು. ನಾಲ್ಕು ಕಾಲಿನ ಮಣೆಯೊಂದರ ಒಂದು ಕಾಲು ಕೂದಲೆಳೆಯಷ್ಟು ಉದ್ದವಾದರೆ ಅದೂ ಅದರ ಎದುರು ಮೂಲೆಯ ಕಾಲೂ ಭಾರ ಹೊತ್ತುಕೊಂಡು ಉಳಿದೆರಡು ಹಗುರಾಗುವಂತೆಯೇ ಕಾರಿನಲ್ಲಿಯೂ ಆಗುತ್ತದೆ. ಒಂದು ಮೂಲೆಯ ಸ್ಪ್ರಿಂಗ್ ಆಸರೆಯನ್ನು ಸಿ ಸ್ಪ್ಯಾನರಿನಿಂದ ಅರ್ಧ ಸುತ್ತು ಏರಿಸಿದರೆ ಆ ಮೂಲೆಯದೂ ಅದರ ಕರ್ಣದ ಮೂಲೆಯದೂ ತೂಕ ಹೆಚ್ಚುತ್ತದೆ. ಮುಂದೆ ಹಿಂದೆ, ಎಡ ಬಲ ಎಂಬ ಒಟ್ಟು ಹಂಚಿಕೆ ಮಾತ್ರ ಇದರಿಂದ ಬದಲಾಗದು. ಅದಕ್ಕೆ ಬ್ಯಾಟರಿಯಂಥ ಭಾರದ ವಸ್ತುವನ್ನೇ ಜಾಗ ಬದಲಿಸಬೇಕು. ನನ್ನ ಕಾರಿನಲ್ಲಿ ಒಂದು ಕರ್ಣ ಒಟ್ಟು ತೂಕದ ಶೇಕಡಾ 51.8 ಹೊತ್ತಿತ್ತು, ಗಂಟೆಗಟ್ಟಲೆ ಸ್ಪ್ಯಾನರ್ ಆಡಿಸಿದ ಮೇಲೆ ಅದು 50.1ಕ್ಕೆ ಬಂತು. ಪ್ರತಿಸಲವೂ ಕಾರನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸಿ, ಬಾನೆಟ್ಟನ್ನೂ ಡಿಕ್ಕಿಯನ್ನೂ ಒತ್ತಿ ಸಸ್ಪೆನ್ಷನ್ ಕುಳಿತುಕೊಳ್ಳುವಂತೆ ಮಾಡಿ, ಮತ್ತೆ ತಕ್ಕಡಿಗೆ ತಂದು ನಿಲ್ಲಿಸಬೇಕು. ಅಷ್ಟರಲ್ಲಿ ಎತ್ತರ ಬದಲಾಗಿರುತ್ತದೆ, ಎತ್ತರ ಬದಲಾದ್ದರಿಂದ ಕ್ಯಾಂಬರ್ ಬದಲಾಗಿರುತ್ತದೆ, ಕ್ಯಾಂಬರ್ ಸರಿಪಡಿಸುವಷ್ಟರಲ್ಲಿ ಟೋ, ಎಂದರೆ ಚಕ್ರದ ಮುಂದಂಚು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಬದಲಾಗಿರುತ್ತದೆ. ಟೋ ಕೊನೆಗೆ ಹಿಡಿಯುವುದು ಈ ಕಾರಣಕ್ಕೆ. ಅದನ್ನು ಅವರು ಯಂತ್ರವಿಲ್ಲದೆ, ಕಾರಿನ ಎರಡೂ ಬದಿಗೆ ಸಮಾನಾಂತರವಾಗಿ ದಾರ ಕಟ್ಟಿ, ರಿಮ್ಮಿನ ಮುಂದಂಚು ಹಿಂದಂಚುಗಳಿಂದ ದಾರಕ್ಕಿರುವ ದೂರವನ್ನು ಉಕ್ಕಿನ ಅಳತೆಪಟ್ಟಿಯಲ್ಲಿ ಓದಿ ಮುಗಿಸಿದರು. ಪೋಲೋದ ಹಿಂಭಾಗದಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ, ಟ್ವಿಸ್ಟ್ ಬೀಮ್, ಇರುವುದರಿಂದ ಅಲ್ಲಿ ತಿರುಗಿಸಲು ನಟ್ಟೇ ಇಲ್ಲ. ಬೇಕಿದ್ದರೆ ಚಕ್ರದ ಹಬ್ಬಿನ (ಚಕ್ರ ಕೂರುವ ಗುಂಭದ) ಹಿಂದೆ ಓರೆಯಾದ ಶಿಮ್, ಎಂದರೆ ತೆಳು ಬಿಲ್ಲೆ, ಕೂರಿಸಬೇಕು. ನಾನು ಅದನ್ನು ಸದ್ಯಕ್ಕೆ ಬೇಡವೆಂದೆ.

ನಮ್ಮ ಕರಾವಳಿಯಲ್ಲಿ ಈ ಖರ್ಚಿಗೆ ಇನ್ನೊಂದು ಪಾಲುದಾರ ಇದೆ, ಅದು ತುಕ್ಕು. ಸಮುದ್ರದ ಗಾಳಿಯೊಂದೇ ಸಾಲದೆಂಬಂತೆ ಮಲ್ಪೆಯಿಂದಲೂ ಮಂಗಳೂರಿನ ಬಂದರಿನಿಂದಲೂ ಹೊರಡುವ ಮೀನಿನ ಲಾರಿಗಳು ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಉಪ್ಪುನೀರು ಸುರಿಸುತ್ತಾ ಹೋಗುತ್ತವೆ, ಹಿಂದೆ ಬರುವ ಕಾರಿನ ತಳಕ್ಕೆಲ್ಲ ಅದು ಸಿಡಿಯುತ್ತದೆ. ನನ್ನ ಕಾರಿನ ಎಡಬದಿಯ ಟೈ ರಾಡಿನ (ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ, ಟೋ ಹೊಂದಿಸುವ ಸರಳಿನ) ಲಾಕ್ ನಟ್ಟು ಎಷ್ಟು ಕಚ್ಚಿಕೊಂಡಿತ್ತೆಂದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿಸಿ ಸುತ್ತಿಗೆಯಿಂದ ತಟ್ಟಿದ ಮೇಲೆಯೇ ಅದು ಕದಲಿತು. ಗಂಟೆಯ ಲೆಕ್ಕದಲ್ಲಿ ದುಡಿಯುವವರನ್ನು ಕರೆಸಿದಾಗ ಹೀಗೆ ಕಳೆದ ಹೊತ್ತಿಗೂ ಹಣ ಕೊಡಬೇಕಾಗುತ್ತದೆ. ಹೀಗಾಗಿ ಸೆಟಪ್‌ಗೆ ಒಂದು ವಾರ ಮೊದಲು ಊರಿನ ಮೆಕ್ಯಾನಿಕ್‌ನಿಂದ ಎಲ್ಲ ಲಾಕ್ ನಟ್ಟುಗಳನ್ನೂ ಒಮ್ಮೆ ಸಡಿಲಿಸಿ, ಕಾಪರ್ ಗ್ರೀಸ್ ಹಚ್ಚಿಸಿ ಇಡುವುದು ಲಾಭದಾಯಕ. ಸಸ್ಪೆನ್ಷನ್ನಿನ ಕೀಲುಗಳಾದ ಬಾಲ್ ಜಾಯಿಂಟು, ರಬ್ಬರಿನ ಬುಶ್‌ಗಳನ್ನೂ ಆಗಲೇ ನೋಡಿಸಬೇಕು. ಸವೆದ ಬುಶ್ ಇರುವ ಕಾರಿನಲ್ಲಿ ಹಿಡಿದ ಅಳತೆ ಮೊದಲ ಬ್ರೇಕಿಗೇ ಜಾರಿಹೋಗುತ್ತದೆ.

ಈಗ ಲೆಕ್ಕ. ನನ್ನ 14,000ದಲ್ಲಿ 9,000 ತಂತ್ರಜ್ಞರ ಕೂಲಿ, 3,000 ಅವರ ಪ್ರಯಾಣ, ವಸತಿ ಮತ್ತು ತಕ್ಕಡಿಗಳ ಸಾಗಣೆಯಲ್ಲಿ ನನ್ನ ಪಾಲು, 2,000 ಶೆಡ್ಡಿನ ಬಾಡಿಗೆ ಮತ್ತು ಸಹಾಯಕರಿಗೆ ಕೊಟ್ಟದ್ದು. ಕಾರನ್ನೇ ಬೆಂಗಳೂರಿಗೆ ಒಯ್ದಿದ್ದರೆ ಹೋಗಿಬರುವ 700 ಕಿಲೋಮೀಟರಿಗೆ ಪೆಟ್ರೋಲಿಗೇ ಸುಮಾರು 5,000 ತಗಲುತ್ತಿತ್ತು, ಟೋಲು ಮತ್ತು ವಸತಿ ಬೇರೆ. ಅದಕ್ಕಿಂತ ಮುಖ್ಯವಾಗಿ, ಅರ್ಧ ಮಿಲಿಮೀಟರಿನ ಲೆಕ್ಕದಲ್ಲಿ ಟೋ ಹೊಂದಿಸಿದ, ಎತ್ತರ ತಗ್ಗಿಸಿದ ಕಾರನ್ನು ಶಿರಾಡಿ ಘಾಟಿಯ ಮೂಲಕ ಮನೆಗೆ ತರುವ ಧೈರ್ಯ ನನಗಿಲ್ಲ. ಒಬ್ಬರೇ ಕರೆಸಿದ್ದರೆ ಪ್ರಯಾಣದ ಖರ್ಚೆಲ್ಲ ಒಬ್ಬರ ತಲೆಗೇ ಬರುತ್ತಿತ್ತು. ಆದ್ದರಿಂದ ಮಂಗಳೂರು, ಉಡುಪಿಯವರಿಗೆ ನಾಲ್ಕೈದು ಮಂದಿ ಸೇರುವ ಹೊರತು ಇದು ಕೈಗೆಟಕುವ ಕೆಲಸವಲ್ಲ.

ಆದರೆ ಕಂಪನಿಯ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಇರುವ ಕಾರಿನವರಿಗೆ ಕಾರ್ನರ್ ವೇಟಿನ ಸೇವೆ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎತ್ತರ ಹೊಂದಿಸಲು ಬಾರದ ಕಾರನ್ನು ತಕ್ಕಡಿಯ ಮೇಲೆ ನಿಲ್ಲಿಸಿದರೆ ಸಿಗುವುದು ನಾಲ್ಕು ಅಂಕಿಗಳಷ್ಟೇ, ಬದಲಿಸುವ ದಾರಿಯಿಲ್ಲ. ಲಕ್ಷದ ಮೇಲೆ ಬೆಲೆಯ ಕಾಯಿಲ್‌ಓವರ್, ಎಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಡ್ಯಾಂಪರ್ ಜೋಡಿ, ಹಾಕಿಸಿದ ಮೇಲೆ ಮಾತ್ರ ಆ ಕೆಲಸಕ್ಕೆ ಅರ್ಥವಿದೆ. ಹಾಕಿಸಿದವರು ಮಾತ್ರ ಇದನ್ನು ಬಿಡಬಾರದು. ಭಾಗಕ್ಕೆ ಲಕ್ಷ ಕೊಟ್ಟು, ಹೊಂದಿಸುವ ಕೂಲಿಗೆ ಚೌಕಾಸಿ ಮಾಡಿ, ಕಂಪನಿಯ ಸಸ್ಪೆನ್ಷನ್‌ಗಿಂತ ಕೆಟ್ಟದಾಗಿ ಓಡುವ ಕಾರುಗಳನ್ನು ಟ್ರ್ಯಾಕಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಉಳಿದವರಿಗೆ ಚಕ್ರದ ವಾಲಿಕೆ ಬದಲಿಸಲು ಬರುವ ಕೆಲವು ಸಾವಿರದ ಕ್ಯಾಂಬರ್ ಬೋಲ್ಟುಗಳು, ಒಳ್ಳೆಯ ಬ್ರೇಕ್ ಪ್ಯಾಡು, ಕೆಂಪು ಅಂಕಿಗೆ ಹೆದರದ ಒಬ್ಬ ಅಲೈನ್‌ಮೆಂಟ್ ಕೆಲಸಗಾರ ಸಿಕ್ಕಿದರೆ ಮೊದಲ ವರ್ಷಕ್ಕೆ ಸಾಕು. ಯಾರ ಹತ್ತಿರ ಮಾಡಿಸಿದರೂ ಮುಂಚಿನ ಮತ್ತು ನಂತರದ ಅಳತೆಗಳು, ಟೈರಿನ ಗಾಳಿ, ಪೆಟ್ರೋಲಿನ ಮಟ್ಟ, ನಾಲ್ಕೂ ಮೂಲೆಯ ಎತ್ತರ ಬರೆದ ಹಾಳೆಯನ್ನು ಕೇಳಿ ಪಡೆಯಬೇಕು. ಅದಿಲ್ಲದಿದ್ದರೆ ಮುಂದಿನ ಸಲ ಎಲ್ಲವನ್ನೂ ಮೊದಲಿನಿಂದ ಮಾಡಿಸಿ ಮತ್ತೆ ಪೂರ್ತಿ ಕೂಲಿ ಕೊಡಬೇಕಾಗುತ್ತದೆ.

ಕರಿ ಟ್ರ್ಯಾಕಿನಲ್ಲಿ ರಬ್ಬರಿಗೆ ಚುಚ್ಚಿ ಬಿಸಿ ಅಳೆಯುವ ಸೂಜಿಯ ಪೈರೋಮೀಟರಿನಿಂದ ಟೈರಿನ ಒಳ, ನಡು, ಹೊರಭಾಗಗಳ ಬಿಸಿಯನ್ನು ನೋಡಿದಾಗ ಹೊರಅಂಚು ಇನ್ನೂ ತುಸು ಹೆಚ್ಚೇ ಇತ್ತು, ಹಾಗಾಗಿ ಇನ್ನು ಕಾಲು ಡಿಗ್ರಿ ಕ್ಯಾಂಬರ್ ಬೇಕು. ಸ್ಟ್ರಟ್ಟಿನ ತಲೆಯಲ್ಲಿರುವ ಕ್ಯಾಂಬರ್ ಪ್ಲೇಟಿನ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಹಾಕಿರುವುದರಿಂದ ಅಷ್ಟನ್ನು ನಾನೇ ಸರಿಸಬಲ್ಲೆ. ಟೋ ಮಾತ್ರ ಮಳೆಗಾಲದ ಹೊಂಡಗಳೆಲ್ಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಹಾಳೆಯನ್ನು ಮುಂದಿಟ್ಟುಕೊಂಡು ದಾರ ಕಟ್ಟಿ ಅಳೆಯುವುದೆಂದು ನಾವು ನಾಲ್ವರೂ ಒಪ್ಪಿಕೊಂಡಿದ್ದೇವೆ. ಅದಕ್ಕೆ ಬೇಕಾದ ದಾರ, ಸ್ಟ್ಯಾಂಡು, ಅಳತೆಪಟ್ಟಿ ಎಲ್ಲ ಸೇರಿ ಖರ್ಚು 2,000 ದಾಟದು.