ರೋಥೆನ್‌ಬರ್ಗ್‌ನಲ್ಲಿ ಮೊದಲು ಕೋಟೆ ಗೋಡೆ, ಆಮೇಲೆ ಚೌಕ

ನಾನು ಟೂರ್ ಮ್ಯಾನೇಜರ್. ಕನ್ನಡದ ಗುಂಪುಗಳನ್ನು ಯುರೋಪಿನಲ್ಲಿ ಸುತ್ತಾಡಿಸುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಹೋಟೆಲ್, ಬಸ್ಸು, ವೀಸಾ ಬಗ್ಗೆ ಜಾಸ್ತಿ ಕೇಳುತ್ತಾರೆ. ಅದೆಲ್ಲ ಒಂದು ಸೀಸನ್ ಕಳೆಯುವಷ್ಟರಲ್ಲಿ ತಾನಾಗಿ ಬರುತ್ತದೆ. ಯಾರೂ ಕೇಳದ ಇನ್ನೊಂದು ವಿಷಯ ಇದೆ. ಒಂದು ಹಳೇ ಕೋಟೆ ಊರನ್ನು ನಡೆದುಕೊಂಡೇ ತೋರಿಸುವಾಗ ಯಾವುದನ್ನು ಮೊದಲು ತೋರಿಸಬೇಕು? ನನ್ನ ಪ್ರಕಾರ ಅರ್ಧ ಕೆಲಸ ಅಲ್ಲೇ ಇದೆ.

ಜರ್ಮನಿಯ ಬವೇರಿಯಾದಲ್ಲಿ ರೋಥೆನ್‌ಬರ್ಗ್ ಓಬ್ ಡೆರ್ ಟೌಬರ್ ಅಂತ ಒಂದು ಊರಿದೆ. ಕೆಳಗೆ ಟೌಬರ್ ನದಿಯ ಕಣಿವೆ, ಮೇಲೆ ದಿಬ್ಬದ ಅಂಚಿನಲ್ಲಿ ಊರು. ಸುತ್ತ ಕಲ್ಲಿನ ಗೋಡೆ, ಗೋಪುರಗಳು, ಹೆಬ್ಬಾಗಿಲುಗಳು. ಸಾಮಾನ್ಯವಾಗಿ ಗುಂಪುಗಳನ್ನು ನೇರ ಮಾರುಕಟ್ಟೆ ಚೌಕಕ್ಕೆ ಕರೆದೊಯ್ಯುತ್ತಾರೆ. ಗಡಿಯಾರದ ಬೊಂಬೆ ತೋರಿಸುತ್ತಾರೆ. ಪ್ಲೋನ್‌ಲೈನ್ ಅನ್ನುವ ಮೂಲೆಯಲ್ಲಿ ಫೋಟೋ ತೆಗೆಸುತ್ತಾರೆ. ಉಳಿದ ಹೊತ್ತು ಅಂಗಡಿಗೆ. ಜನ ಖುಷಿಯಾಗಿಯೇ ವಾಪಸ್ ಬರುತ್ತಾರೆ, ಅದು ನಿಜ. ಆದರೆ ಮಾರನೇ ದಿನ ಕೇಳಿ ನೋಡಿ. "ಚೆನ್ನಾಗಿತ್ತು, ಸಿನಿಮಾ ಸೆಟ್ ಥರ ಇತ್ತು" ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಏಳುನೂರು, ಎಂಟುನೂರು ವರ್ಷ ಜನ ಬಾಳಿ ಬದುಕಿದ ಊರು ಅದು. ಈಗಲೂ ಬದುಕುತ್ತಿದ್ದಾರೆ.

ಅದಕ್ಕೇ ನಾನು ಗುಂಪನ್ನು ಪೂರ್ವದ ಕಡೆಯಿಂದ ಒಳಗೆ ಕರೆದುಕೊಂಡು ಬರುತ್ತೇನೆ. ರೈಲು ನಿಲ್ದಾಣ ಇರುವುದೂ ಅದೇ ಕಡೆ. ಅಲ್ಲಿ ಸಿಗುವುದು ರೋಡರ್ ಹೆಬ್ಬಾಗಿಲು. ಬಾಗಿಲ ಹೊರಗೇ ಎಲ್ಲರನ್ನೂ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ಕಂದಕ ನೋಡಿ, ಸೇತುವೆ ನೋಡಿ, ಬಾಗಿಲ ಪಕ್ಕದ ಪುಟ್ಟ ಸುಂಕದ ಕಟ್ಟೆ ಮನೆಗಳನ್ನು ನೋಡಿ ಅನ್ನುತ್ತೇನೆ. ಹೊರಗಿನವರಾಗಿ ಬಂದು, ಬಾಗಿಲಲ್ಲಿ ನಿಂತು, ಒಳಗೆ ಬಿಡುತ್ತಾರೋ ಇಲ್ಲವೋ ಅಂತ ಕಾಯುವುದು ಹೇಗಿರುತ್ತಿತ್ತು ಅನ್ನುವುದು ಅಲ್ಲಿ ನಿಂತರೇ ಗೊತ್ತಾಗುವುದು. ಚೌಕದಲ್ಲಿ ನಿಂತು ಎಷ್ಟು ಹೇಳಿದರೂ ಅದು ತಲೆಗೆ ಹೋಗುವುದಿಲ್ಲ.

ಒಳಗೆ ಬಂದ ಕೂಡಲೇ ಬೀದಿ ಹಿಡಿಯುವುದಿಲ್ಲ. ಪಕ್ಕದ ಕಲ್ಲು ಮೆಟ್ಟಿಲು ಹತ್ತಿ ಗೋಡೆ ಮೇಲೆ ಹೋಗುತ್ತೇವೆ. ಕಾವಲುಗಾರರು ಓಡಾಡಲು ಮಾಡಿದ್ದ ದಾರಿ ಅದು. ಮೇಲೆ ಮರದ ತೊಲೆ, ಹೆಂಚಿನ ಮಾಡು. ಮಳೆ ಬಂದರೂ ನಡೆಯಬಹುದು, ಟಿಕೆಟ್ ಇಲ್ಲ. ಸುಮಾರು 2.5 ಕಿಲೋಮೀಟರ್ ಹೀಗೆ ಗೋಡೆ ಮೇಲೇ ನಡೆಯಬಹುದಾದಷ್ಟು ಉಳಿದಿದೆ. ಎತ್ತರದವರು ತಲೆ ತಗ್ಗಿಸಬೇಕು, ತೊಲೆಗಳು ಕೆಳಗಿವೆ. ಎದುರಿಗೆ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಹೊರಗಡೆಗೆ ಕಿಂಡಿಗಳು, ಒಳಗಡೆಗೆ ಊರಿನ ಹಿತ್ತಲು. ನನ್ನ ಜನಕ್ಕೆ ಅತಿ ಹೆಚ್ಚು ಇಷ್ಟವಾಗುವುದು ಈ ಹಿತ್ತಲೇ. ಒಣಗಲು ಹಾಕಿದ ಬಟ್ಟೆ, ತರಕಾರಿ ಮಡಿ, ಮಕ್ಕಳ ಸೈಕಲ್, ಕಡಿದಾದ ಕೆಂಪು ಹೆಂಚಿನ ಮಾಡುಗಳು. ಸಿನಿಮಾ ಸೆಟ್ ಅನ್ನುವ ಯೋಚನೆ ಅಲ್ಲೇ ಕರಗಿಹೋಗುತ್ತದೆ.

ಈ ಗೋಡೆಯಲ್ಲಿ ಅಲ್ಲಲ್ಲಿ ಕಲ್ಲಿನ ಫಲಕಗಳಿವೆ. ಒಂದೊಂದರಲ್ಲೂ ಒಂದು ಹೆಸರು, ಜೊತೆಗೆ ಕೆಲವೊಮ್ಮೆ ಊರು, ದೇಶ. ಜಪಾನ್, ಅಮೆರಿಕ, ಎಲ್ಲೆಲ್ಲಿಯೋ. ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಏನಮ್ಮಾ ಇದು, ಸಮಾಧಿ ಕಲ್ಲಾ?" ನಾನು ಈ ಪ್ರಶ್ನೆಗೇ ಕಾಯುತ್ತಿರುತ್ತೇನೆ. ಅವು ಸಮಾಧಿಯಲ್ಲ. ಈ ಗೋಡೆಯನ್ನು ಮತ್ತೆ ಕಟ್ಟಲು ದುಡ್ಡು ಕೊಟ್ಟವರ ಹೆಸರು.

ಮತ್ತೆ ಯಾಕೆ ಕಟ್ಟಬೇಕಾಯಿತು? 1945ರ ಮಾರ್ಚ್ 31ರಂದು ಅಮೆರಿಕದ ವಿಮಾನಗಳು ಇಲ್ಲಿ ಬಾಂಬ್ ಹಾಕಿದವು. ಅವು ಹೊರಟಿದ್ದ ಗುರಿಯ ಮೇಲೆ ಮಂಜು ಕವಿದಿತ್ತು, ಹಾಗಾಗಿ ಇತ್ತ ತಿರುಗಿದವು. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ನೂರಾರು ಮನೆ ಸುಟ್ಟವು. ಹಳೇ ಊರಿನ ಸುಮಾರು 40 ಶೇಕಡಾ ಹೋಯಿತು, ಅದರಲ್ಲೂ ಈ ಪೂರ್ವದ ಭಾಗವೇ. ಗೋಡೆ 600 ಮೀಟರ್‌ಗೂ ಹೆಚ್ಚು ಉದ್ದ ಕುಸಿಯಿತು. ಉಳಿದ ಊರಿಗೂ ಅದೇ ಗತಿ ಬರುವುದರಲ್ಲಿತ್ತು. ಅಮೆರಿಕದ ಯುದ್ಧ ಇಲಾಖೆಯಲ್ಲಿ ಜಾನ್ ಮೆಕ್ಲಾಯ್ ಎಂಬ ಅಧಿಕಾರಿ ಇದ್ದರು. ಅವರ ತಾಯಿ ಹಿಂದೆ ಈ ಊರು ನೋಡಿ, ಇಲ್ಲಿನ ಒಂದು ಚಿತ್ರ ಮನೆಗೆ ತಂದಿದ್ದರು. ಊರಿನ ಬೆಲೆ ಮೆಕ್ಲಾಯ್‌ಗೆ ಗೊತ್ತಿತ್ತು. ಫಿರಂಗಿ ಹೊಡೆಯಬೇಡಿ, ಮಾತುಕತೆಯಲ್ಲಿ ತೆಗೆದುಕೊಳ್ಳಿ ಅಂತ ಸೇನೆಗೆ ಹೇಳಿಸಿದರು. ಒಳಗಿದ್ದ ಜರ್ಮನ್ ಸೇನಾಧಿಕಾರಿಯೂ ಕೊನೆಯವರೆಗೂ ಕಾದಾಡಬೇಕೆಂಬ ಆಜ್ಞೆ ಮೀರಿ ಪಡೆ ಹಿಂತೆಗೆದರು. ಏಪ್ರಿಲ್ 17ರಂದು ಅಮೆರಿಕನ್ನರು ಊರೊಳಗೆ ಬಂದರು.

ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ ಇಲ್ಲೇ ಇದೆ. ಎಷ್ಟೋ ಜನ ಸಹೋದ್ಯೋಗಿಗಳು ಈ ಮಾತನ್ನು ಬಿಟ್ಟುಬಿಡುತ್ತಾರೆ. "ಹೊಸದಾಗಿ ಕಟ್ಟಿದ್ದು ಅಂದರೆ ಜನಕ್ಕೆ ನಿರಾಸೆ ಆಗುತ್ತೆ, ಸುಮ್ನೆ ಯಾಕೆ?" ಅನ್ನುವುದು ಅವರ ವಾದ. ನಾನು ಕಂಡಿರುವುದು ಅದಕ್ಕೆ ತದ್ವಿರುದ್ಧ. ಗೋಡೆ ಮೇಲೇ, ಆ ಹೆಸರಿನ ಕಲ್ಲುಗಳ ಮುಂದೆಯೇ ನೇರವಾಗಿ ಹೇಳಿಬಿಟ್ಟರೆ ಜನ ಊರನ್ನು ನೋಡುವ ರೀತಿಯೇ ಬದಲಾಗುತ್ತದೆ. ಅಲ್ಲಿಂದ ಮುಂದೆ ಅವರೇ ಹುಡುಕಲು ಶುರು ಮಾಡುತ್ತಾರೆ. ಯಾವುದು ಹಳೇದು, ಯಾವುದು ಆಮೇಲಿನದು? ಗುರುತಿಸುವುದು ಕಷ್ಟವೇನಲ್ಲ. ಯುದ್ಧದ ನಂತರ ಎದ್ದ ಮನೆಗಳಲ್ಲಿ ಗೋಡೆ ಸಪಾಟು ಗಾರೆ, ಕಿಟಕಿಗಳು ಒಂದೇ ಅಳತೆ, ಅಲಂಕಾರ ಕಡಿಮೆ. ಆದರೆ ಬೀದಿಯ ಜಾಡು ಬದಲಾಗಲಿಲ್ಲ, ಮಾಡಿನ ಇಳಿಜಾರು ಬದಲಾಗಲಿಲ್ಲ. ಅದಕ್ಕೇ ದೂರದಿಂದ ನೋಡಿದರೆ ಊರು ಒಂದೇ ಮೈಯಾಗಿ ಕಾಣುತ್ತದೆ. ರೋಡರ್ ಬಾಗಿಲ ಹತ್ತಿರ ಎಲ್ಲರೂ ಫೋಟೋ ತೆಗೆಯುವ ಹಳೇ ಕುಲುಮೆ ಮನೆಯೂ ಹಾಗೆ ಮತ್ತೆ ಕಟ್ಟಿದ್ದೇ. ಚೆಂದಕ್ಕೇನೂ ಕಮ್ಮಿಯಿಲ್ಲ. ಹಾಳಾದ ಮೇಲೂ ಈ ಊರು ಇದೇ ಆಕಾರದಲ್ಲಿ ಇರಬೇಕು ಅಂತ ಜನ ಪಟ್ಟು ಹಿಡಿದು ಕಟ್ಟಿದ್ದು ನನಗಂತೂ ಮಧ್ಯಯುಗದ ಕಲ್ಲಿನಷ್ಟೇ ದೊಡ್ಡದು.

ಗೋಡೆ ಮೇಲೇ ದಕ್ಷಿಣಕ್ಕೆ ನಡೆದರೆ ಷ್ಪಿಟಾಲ್, ಅಂದರೆ ಆಸ್ಪತ್ರೆ, ಕೊತ್ತಲ ಸಿಗುತ್ತದೆ. ಬಿಲ್ಲು ಬಾಣದ ಕಾಲ ಮುಗಿದು ಫಿರಂಗಿ ಬಂದ ಮೇಲೆ ಕಟ್ಟಿದ್ದು. ಎಂಟರ ಅಂಕಿಯ ಹಾಗೆ ಎರಡು ಸುತ್ತು, ಒಂದರ ಹಿಂದೆ ಒಂದು ಬಾಗಿಲು. ಒಂದು ಬಾಗಿಲು ಮುರಿದು ನುಗ್ಗಿದವನು ಸುತ್ತಲೂ ಗೋಡೆ ಇರುವ ಅಂಗಳದಲ್ಲಿ ಸಿಕ್ಕಿಕೊಳ್ಳುತ್ತಾನೆ. ಒಳಬರುವವರಿಗೆ ಶಾಂತಿ, ಹೊರಹೋಗುವವರಿಗೆ ಕ್ಷೇಮ ಎಂದು ಅದೇ ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಹಳೇ ಫಿರಂಗಿಗಳೂ ಇವೆ.

ಅಲ್ಲಿ ಕೆಳಗಿಳಿದು ಷ್ಪಿಟಾಲ್ ಬೀದಿಯಲ್ಲಿ ಉತ್ತರಕ್ಕೆ ಹೋಗಬೇಕು. ಆಗ ಸೀಬರ್ಸ್ ಗೋಪುರದ ಕಮಾನಿನ ಕೆಳಗೆ ಹಾದು ಬರುತ್ತೀರಿ. ಹಾದ ಮೇಲೆ ಸ್ವಲ್ಪ ಮುಂದೆ ಹೋಗಿ "ಈಗ ಹಿಂದೆ ತಿರುಗಿ ನೋಡಿ" ಅನ್ನಿ. ಅದೇ ಪ್ಲೋನ್‌ಲೈನ್. ಎಡಕ್ಕೆ ಈಗ ತಾನೇ ದಾಟಿದ ಗೋಪುರ, ಬಲಕ್ಕೆ ಇಳಿಜಾರಿನಲ್ಲಿ ನದಿ ಕಡೆಯ ಇನ್ನೊಂದು ಬಾಗಿಲು, ನಡುವೆ ಮರದ ಚೌಕಟ್ಟಿನ ಹಳದಿ ಮನೆ. ಎಲ್ಲ ಕ್ಯಾಲೆಂಡರಲ್ಲೂ ಇರುವ ಚಿತ್ರ. ಆದರೆ ನಿಮ್ಮ ಜನಕ್ಕೆ ಈಗ ಅದು ಬರೀ ಚಿತ್ರವಲ್ಲ. ಎರಡು ದಾರಿ, ಎರಡೂ ದಾರಿಗೆ ಕಾವಲು ಅಂತ ನೋಡಿದ ಕೂಡಲೇ ಅರ್ಥವಾಗುತ್ತದೆ. ಸೀಬರ್ಸ್ ಗೋಪುರ ಹಿಂದೊಮ್ಮೆ ಊರಿನ ಅಂಚು. 14ನೇ ಶತಮಾನದಲ್ಲಿ ಅದರಾಚೆಯ ಆಸ್ಪತ್ರೆ ಕೇರಿಯನ್ನೂ ಗೋಡೆಯೊಳಕ್ಕೆ ಸೇರಿಸಿಕೊಂಡರು. ಮಕ್ಕಳು ಮದುವೆಯಾದಂತೆಲ್ಲ ಮನೆಗೆ ಒಂದೊಂದು ಕೋಣೆ ಸೇರಿಸಿದ ಹಾಗೆ ಈ ಊರು ಬೆಳೆದಿದೆ.

ಒಳಗಿನ ಇನ್ನೂ ಹಳೇ ಸುತ್ತು ಬೇಕಾದರೆ ಮಾರ್ಕುಸ್ ಗೋಪುರ ಮತ್ತು ಬಿಳಿ ಗೋಪುರ ನೋಡಬೇಕು. ಎರಡೂ 12ನೇ ಶತಮಾನದ ಮೊದಲ ಗೋಡೆಯ ಉಳಿಕೆ. ಬಿಳಿ ಗೋಪುರದ ಪಕ್ಕದ ಯಹೂದಿ ಬೀದಿಗೆ ನಾನು ತಪ್ಪದೆ ಹೋಗುತ್ತೇನೆ. ಆ ಮೊದಲ ಗೋಡೆಯ ಕಂದಕ ಮುಚ್ಚಿ ಅದರ ಮೇಲೆ ಎದ್ದ ಬೀದಿ ಅದು. ಬಾಂಬಿಗೆ ಸಿಗದೆ ಉಳಿದ ಮಧ್ಯಯುಗದ ಮನೆಗಳು ಅಲ್ಲಿ ಸಾಲಾಗಿವೆ. 13ನೇ ಶತಮಾನದಲ್ಲಿ ಯಹೂದಿ ಧರ್ಮಗುರು ರಬ್ಬಿ ಮೇಯರ್ ಬೆನ್ ಬಾರೂಖ್ ಈ ಊರಲ್ಲೇ ಪಾಠ ಹೇಳುತ್ತಿದ್ದರು, ದೂರದ ಊರುಗಳಿಂದ ಶಿಷ್ಯರು ಬರುತ್ತಿದ್ದರು. 1298ರಲ್ಲಿ ಇಲ್ಲಿನ ಯಹೂದಿಗಳ ಕೊಲೆಗಳಾದವು. 1520ರ ಹೊತ್ತಿಗೆ ಉಳಿದವರನ್ನೂ ಊರಿಂದ ಓಡಿಸಿದರು. 19ನೇ ಶತಮಾನದಲ್ಲಿ ಮತ್ತೆ ಬಂದು ನೆಲೆಸಿದವರನ್ನು 1938ರ ಅಕ್ಟೋಬರ್‌ನಲ್ಲಿ ನಾಜಿಗಳು ಹೊರಗಟ್ಟಿದರು. ಗೋಡೆ ಯಾರನ್ನು ಕಾಪಾಡಿತು ಅಂತ ಹೇಳುವಾಗ ಯಾರನ್ನು ಕಾಪಾಡಲಿಲ್ಲ ಅಂತಲೂ ಹೇಳಬೇಕು. ಪ್ರವಾಸದಲ್ಲಿ ಬೇಸರದ ಮಾತು ಬೇಡ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಜನ ಕೇಳಿಸಿಕೊಳ್ಳುತ್ತಾರೆ, ಪ್ರಶ್ನೆಯನ್ನೂ ಕೇಳುತ್ತಾರೆ.

ಚೌಕಕ್ಕೆ ಬರುವುದು ಇದೆಲ್ಲ ಆದ ಮೇಲೆ. ಅಲ್ಲಿನ ಪುರಸಭೆ ಕಟ್ಟಡದಲ್ಲೂ ಎರಡು ಕಾಲ ಕಾಣುತ್ತದೆ. ಮುಂಭಾಗ 1501ರಲ್ಲಿ ಸುಟ್ಟುಹೋಗಿ, 1572ರಿಂದ ಹೊಸ ಶೈಲಿಯಲ್ಲಿ ಎದ್ದಿತು. ಹಿಂಭಾಗ ಅದಕ್ಕೂ ಹಳೇ ಗಾಥಿಕ್ ಶೈಲಿಯದು, ಗೋಪುರವೂ ಅದರದೇ. ಪಕ್ಕದ ಕಟ್ಟಡದ ಗಡಿಯಾರದಲ್ಲಿ ಬೊಂಬೆ ವೈನ್ ಕುಡಿಯುತ್ತದೆ. 1631ರಲ್ಲಿ ಊರು ಗೆದ್ದ ಸೇನಾಪತಿ ಟಿಲ್ಲಿ ಇದನ್ನು ಸುಡಲು ಹೊರಟಾಗ, ನುಷ್ ಎಂಬವರು 3.25 ಲೀಟರ್ ವೈನನ್ನು ಒಂದೇ ಗುಟುಕಿಗೆ ಕುಡಿದು ಉಳಿಸಿದರು ಎಂಬ ಕಥೆ. ಕಥೆ ಅಂತಲೇ ಹೇಳಿ. ಊರು ಹೀಗೆ ಹಳೇದಾಗೇ ಉಳಿಯಲು ನಿಜವಾದ ಕಾರಣ ಬಡತನ. ಟಿಲ್ಲಿ ಕಾಲದ ಆ ಮೂವತ್ತು ವರ್ಷಗಳ ಯುದ್ಧದ ನಂತರ ಹಳೇದನ್ನು ಕೆಡವಿ ದೊಡ್ಡದು ಕಟ್ಟುವಷ್ಟು ದುಡ್ಡು ಊರಿನ ಕೈಯಲ್ಲಿ ಇರಲಿಲ್ಲ.

ಸಂತ ಯಾಕೋಬ್ ಚರ್ಚಿಗೆ ಕಮ್ಮಿ ಅಂದರೂ ಅರ್ಧ ಗಂಟೆ ಇಡಿ. ಚರ್ಚಿನ ಪಶ್ಚಿಮ ಭಾಗದ ಕೆಳಗೆ ಬೀದಿಯೇ ಹಾದುಹೋಗುತ್ತದೆ. ಅದರ ಮೇಲಿನ ಅಂತಸ್ತಿನಲ್ಲಿ, 1500ರ ಆಸುಪಾಸಿನಲ್ಲಿ ಟಿಲ್ಮನ್ ರೀಮೆನ್‌ಷ್ನೈಡರ್ ಕೆತ್ತಿದ ಮರದ ಬಲಿಪೀಠ ಇದೆ. ಬಣ್ಣ ಬಳಿಯದೆ ಬಿಟ್ಟ ಮರ. ಕೊನೆಯ ಭೋಜನದ ದೃಶ್ಯದಲ್ಲಿ ನಡುವೆ ನಿಂತಿರುವುದು ಯೇಸುವಲ್ಲ, ದ್ರೋಹ ಮಾಡಿದ ಜೂದಾಸ್. ಇದನ್ನು ಹೇಳಿ ಸುಮ್ಮನಾಗಿಬಿಡಿ, ಜನ ತಾವೇ ನೋಡಿಕೊಳ್ಳುತ್ತಾರೆ.

ಪಶ್ಚಿಮದ ಬುರ್ಗ್ ಹೆಬ್ಬಾಗಿಲಿಗೆ ಸಂಜೆ ಹೋಗುವುದು ಒಳ್ಳೆಯದು, ಅಷ್ಟೊತ್ತಿಗೆ ದಿನದ ಗುಂಪುಗಳು ಖಾಲಿಯಾಗಿರುತ್ತವೆ. ದೊಡ್ಡ ಬಾಗಿಲಲ್ಲೇ ಒಬ್ಬರು ಮಾತ್ರ ಬಗ್ಗಿ ನುಸುಳುವಷ್ಟು ದಿಡ್ಡಿ ಬಾಗಿಲಿದೆ. ರಾತ್ರಿ ತಡವಾಗಿ ಬಂದವರಿಗೆ ಇಡೀ ಬಾಗಿಲು ತೆರೆಯುವ ಹಾಗಿಲ್ಲವಲ್ಲ, ಅದಕ್ಕೆ. ಮೇಲೆ ಕಲ್ಲಿನ ಮುಖವಾಡ, ಅದರ ಬಾಯಿಂದ ಶತ್ರುಗಳ ಮೇಲೆ ಕುದಿಯುವ ರಾಳ ಸುರಿಯುತ್ತಿದ್ದರಂತೆ. ಆಚೆಗೆ ತೋಟ. ಅಲ್ಲಿದ್ದ ಅರಮನೆ ಕೋಟೆ 1356ರ ಭೂಕಂಪಕ್ಕೆ ಬಿತ್ತು.

ಇನ್ನು ಮಂಡಿ ನೋವಿನವರ ವಿಷಯ. ಪ್ರತಿ ಗುಂಪಿನಲ್ಲೂ ಇರುತ್ತಾರೆ. ಗೋಡೆಯ ಮೆಟ್ಟಿಲು ಕಡಿದಾಗಿವೆ, ಸವೆದಿವೆ. ಅವರನ್ನು ಕಾಫಿ ಅಂಗಡಿಯಲ್ಲಿ ಕೂರಿಸಿ ಹೋಗಬೇಡಿ. ಪೂರ್ವದ ಗೋಡೆಯ ಬುಡದಲ್ಲೇ ಬಹಳಷ್ಟು ದೂರ ಓಣಿ ಇದೆ. ಮೇಲಿನವರು ಮೇಲೆ, ಇವರು ಕೆಳಗೆ, ಜೊತೆಜೊತೆಗೇ ನಡೆಯಬಹುದು. ಇಯರ್‌ಫೋನ್ ಇರುವ ಗುಂಪಾದರೆ ಮಾತೂ ಎಲ್ಲರಿಗೂ ಕೇಳುತ್ತದೆ. ಅಡಿಪಾಯದ ಕಲ್ಲು, ಗೋಡೆಗೆ ಆತುಕೊಂಡ ಕೊಟ್ಟಿಗೆಗಳು, ಕಮಾನುಗಳು ಕೆಳಗಿನವರಿಗೇ ಚೆನ್ನಾಗಿ ಕಾಣುವುದು. ನೆಲ ಮಾತ್ರ ಉರುಟು ಕಲ್ಲು, ತೆಳು ಅಟ್ಟೆಯ ಚಪ್ಪಲಿ ಬೇಡ ಅಂತ ಹಿಂದಿನ ರಾತ್ರಿಯೇ ಹೇಳಿಟ್ಟಿರಿ. ಕಾರ್ಯಕ್ರಮದಲ್ಲಿ ಎರಡೇ ಗಂಟೆ ಕೊಟ್ಟಿದ್ದರೆ ರೋಡರ್‌ನಿಂದ ಷ್ಪಿಟಾಲ್‌ವರೆಗಿನ ಗೋಡೆ, ಅಲ್ಲಿಂದ ಪ್ಲೋನ್‌ಲೈನ್, ಕೊನೆಗೆ ಚೌಕ. ಅಂಗಡಿಗೆ ಉಳಿಯುವುದು ಇಪ್ಪತ್ತು ನಿಮಿಷ. ಅಷ್ಟು ಸಾಕು.