ಎರಡು ಟಗ್‌ಬೋಟ್, ಎರಡು ಸ್ಕೇಲು: ಆರನೇ ವಾರ

ದೊಡ್ಡ ಹಡಗುಗಳನ್ನು ಎಳೆಯುವ, ತಳ್ಳುವ ಚಿಕ್ಕ ದೋಣಿಯೇ ಟಗ್‌ಬೋಟ್. ಅಂಥ ಎರಡರ ಮಾಡೆಲ್ ಕಟ್ಟುತ್ತಿದ್ದೇನೆ, ಮೇಜಿನ ಮೇಲೆ ಈಗ ಎರಡೂ ಅಕ್ಕಪಕ್ಕ ಕೂತಿವೆ. ಒಂದು ರೆವೆಲ್ ಕಂಪನಿಯ 1/144 ಫೇರ್‌ಪ್ಲೇ, ಅಂದರೆ ಉದ್ದದಲ್ಲಿ ನಿಜದ ದೋಣಿಯ 144ನೇ ಒಂದು ಭಾಗ; ಇನ್ನೊಂದು ಬಿಲ್ಲಿಂಗ್ ಬೋಟ್ಸ್ ಕಂಪನಿಯ 1/50 ಹೋಗಾ. ನಿಜವಾದ ಹೋಗಾ ಸುಮಾರು 30 ಮೀಟರ್ ಉದ್ದ, ಹಾಗಾಗಿ ಮಾಡೆಲ್ 60 ಸೆಂ.ಮೀ. ಆಸುಪಾಸು. ಅದರ ಪಕ್ಕ ಫೇರ್‌ಪ್ಲೇ ಮರಿಯ ಹಾಗೆ ಕಾಣುತ್ತದೆ.

ಈ ವಾರ ಪೂರ್ತಿ ರೇಲಿಂಗ್‌ಗೆ ಹೋಯಿತು. ಎರಡು ಸ್ಕೇಲಿನ ವ್ಯತ್ಯಾಸ ನನಗೆ ನಿಜವಾಗಿ ಅರ್ಥವಾಗಿದ್ದೂ ಅಲ್ಲೇ. ನಿಜದ ಪೈಪು 40 ಮಿ.ಮೀ. ದಪ್ಪ ಅಂತ ಇಟ್ಟುಕೊಳ್ಳಿ. 1/50ರಲ್ಲಿ ಅದು 0.8 ಮಿ.ಮೀ., ಹಿತ್ತಾಳೆ ತಂತಿ ಬಗ್ಗಿಸಿ ಬೆಸುಗೆ ಹಾಕಿದರೆ ಮುಗಿಯಿತು. 1/144ರಲ್ಲಿ 0.28! ಅರ್ಧ ಮಿ.ಮೀ. ದಪ್ಪದ್ದು ಹಾಕಿದರೂ ನಿಜದಲ್ಲಿ ಅದು 7 ಸೆಂ.ಮೀ. ಕಂಬ ಆಗಿಬಿಡುತ್ತದೆ. ಅಚ್ಚಿನಲ್ಲಿ ಎರಕ ಹೊಯ್ಯುವ ಪ್ಲಾಸ್ಟಿಕ್ಕನ್ನು ಅದಕ್ಕಿಂತ ತೀರಾ ತೆಳ್ಳಗೆ ಮಾಡಿದರೆ ಸ್ಪ್ರೂನಿಂದ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸುವಾಗಲೇ ಮುರಿಯುತ್ತದೆ, ಇದು ಯಾವ ಕಿಟ್ಟಿಗಾದರೂ ಇರುವ ಮಿತಿ. ಕೊನೆಗೆ ಚಿಕ್ಕ ಟಗ್‌ಗೆ 0.3 ತಂತಿ ತಂದು ಸೂಪರ್‌ಗ್ಲೂನಲ್ಲಿ ಕೂರಿಸಿದೆ. ಎರಡು ಸಲ ಅಂಟು ಹರಡಿ ಡೆಕ್ ಬಣ್ಣ ಹಾಳಾಯಿತು, ಉಜ್ಜಿ ಮತ್ತೆ ಬಳಿದೆ. ಈಗ ನೋಡಿದರೆ ಕಣ್ಣಿಗೆ ಹಿತ.

ಢಿಕ್ಕಿ ತಡೆಯಲು ಟಗ್‌ನ ಪಕ್ಕಕ್ಕೆ ನೇತುಹಾಕುವ ಟೈರುಗಳದ್ದೂ ಅದೇ ಲೆಕ್ಕ. ಒಂದು ಮೀಟರ್ ಅಗಲದ ಟೈರು ದೊಡ್ಡದರಲ್ಲಿ 20 ಮಿ.ಮೀ., ಚಿಕ್ಕದರಲ್ಲಿ 7. ಏಳರಲ್ಲಿ ಸವೆತ ತೋರಿಸುವುದು ಬರೀ ಬಣ್ಣದ ಕೆಲಸ, ಇಪ್ಪತ್ತರಲ್ಲಿ ನಿಜವಾಗಿಯೂ ಉಜ್ಜಬಹುದು.

ಹಿಂದಿನ ಡೆಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೋಗಾದಂಥ ಒಂದೇ ಪ್ರೊಪೆಲರ್‌ನ ಹಳೆಯ ಟಗ್‌ನಲ್ಲಿ ಎಳೆಯುವ ಹಗ್ಗ ಕಟ್ಟುವ ಗೂಟ ತೀರಾ ಹಿಂದಿನ ತುದಿಯಲ್ಲಿ ಇರುವುದಿಲ್ಲ. ಅದು ಪ್ರೊಪೆಲರ್‌ಗಿಂತ ಮುಂದೆ, ದೋಣಿಯ ನಡುವಿನ ಕಡೆಗೆ ಇರುತ್ತದೆ. ಆಗ ಮಾತ್ರ ಹಗ್ಗ ಬಿಗಿದಿದ್ದರೂ ಹಿಂಭಾಗ ಅತ್ತಿತ್ತ ತಿರುಗಬಹುದು. ತುದಿಗೇ ಕಟ್ಟಿದರೆ ಹಗ್ಗವೇ ಬಾಲ ಹಿಡಿದುಕೊಂಡ ಹಾಗೆ, ಟಗ್ ತಿರುಗುವುದಿಲ್ಲ. ಆ ಬಿಗಿದ ಹಗ್ಗ ಡೆಕ್ ಮೇಲೆ ಪೊರಕೆಯ ಹಾಗೆ ಆ ಕಡೆ ಈ ಕಡೆ ಓಡಾಡುತ್ತದೆ, ಅದಕ್ಕೇ ಅಲ್ಲಿ ಅಷ್ಟು ಖಾಲಿ ಜಾಗ. ಕಳೆದ ವಾರ ನಾನು ಸುಮ್ನೆ ಚೆಂದ ಅಂತ ಎರಡು ಪೆಟ್ಟಿಗೆ, ಒಂದು ಪೀಪಾಯಿ ಅಲ್ಲಿ ಅಂಟಿಸಿದ್ದೆ. ಇವತ್ತು ಕಿತ್ತು ಹಾಕಿದೆ. ನಿಜದ ಹಗ್ಗ ಅವನ್ನೆಲ್ಲ ಮೊದಲ ತಿರುವಿನಲ್ಲೇ ಸಮುದ್ರಕ್ಕೆ ತಳ್ಳುತ್ತಿತ್ತು ಅಲ್ವಾ?

ಬಣ್ಣ ಯಾವುದು ಅನ್ನುವುದು ಹೋಗಾಕ್ಕೆ ಸುಲಭದ ಪ್ರಶ್ನೆ ಅಲ್ಲ. ಯಾವ ಕಾಲದ ಹೋಗಾ ಅನ್ನುವುದು ಮೊದಲು ತೀರ್ಮಾನವಾಗಬೇಕು. 1941ರ ಡಿಸೆಂಬರ್ 7ರಂದು ಜಪಾನ್ ದಾಳಿ ಮಾಡಿದಾಗ ಅಮೆರಿಕದ ಪರ್ಲ್ ಹಾರ್ಬರ್‌ನಲ್ಲಿ ಉರಿಯುವ ಹಡಗುಗಳ ನಡುವೆ ಓಡಾಡಿ, ನೆವಾಡಾ ಯುದ್ಧನೌಕೆಯನ್ನು ದಡಕ್ಕೆ ಹತ್ತಿಸಲು ನೆರವಾಗಿದ್ದು ಇದೇ ಟಗ್. 1948ರಿಂದ ಓಕ್ಲೆಂಡ್‌ನಲ್ಲಿ ಬೆಂಕಿ ಆರಿಸುವ ದೋಣಿಯಾಗಿ ದುಡಿಯಿತು, ಈಗ ಅರ್ಕಾನ್ಸಸ್‌ನ ನಾರ್ತ್ ಲಿಟಲ್ ರಾಕ್‌ನಲ್ಲಿ ಮ್ಯೂಸಿಯಂ. ನಾನು 1941ರ ನೌಕಾಪಡೆಯ ಬೂದು ಬಣ್ಣಕ್ಕೇ ನಿಂತೆ. ಆ ದಿನದ ಕೆಲಸಕ್ಕಾಗಿಯೇ ಈ ಕಿಟ್ ಕೊಂಡಿದ್ದು.

ಒಂದೇ ಕೊಳ್ಳುವುದಾದರೆ ಯಾವುದು ಅಂದರೆ, ಟಗ್‌ನ ಆಕಾರ ಇಷ್ಟವಾಗಿದ್ದರೆ 1/144. ಬೇಗ ಮುಗಿಯುತ್ತದೆ, ಕಪಾಟಿನಲ್ಲೂ ಜಾಗ ಹಿಡಿಯುವುದಿಲ್ಲ. ಅದು ಕೆಲಸ ಮಾಡುವ ರೀತಿ ತೋರಿಸಬೇಕು ಅನ್ನುವವರಿಗೆ 1/50 ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಮುಂದಿನ ವಾರ ಹೋಗಾದ ಮೂತಿಗೆ ಹಗ್ಗದ ಫೆಂಡರ್, ಅಂದರೆ ಢಿಕ್ಕಿ ತಡೆಯುವ ಮೆತ್ತೆ. ದಾರವನ್ನು ಜಡೆಯ ಹಾಗೆ ಹೆಣೆದು ನೋಡಿದೆ, ತೀರಾ ನೀಟಾಗಿ ಬಂತು. ಹಡಗುಗಳಿಗೆ ಒತ್ತಿ ಒತ್ತಿ ಕೆದರಿದ ಹಾಗೆ ಕಾಣಬೇಕು, ಅದಕ್ಕೆ ಸೆಣಬಿನ ದಾರ ಬಿಚ್ಚಿ ಇನ್ನೊಂದು ಸಲ ಹೆಣೆಯುತ್ತೇನೆ.